ಅಂದಾನೆಪ್ಪನೊಬ್ಬನಿಗೆ ಒಂದು ಟ್ರೇಲರ್

ಇದು ನಡೆದ ಸಂಗತಿ. ಟ್ರೇಲರಿನ ಕೊನೆಯಲ್ಲಿ ‘ಸತ್ಯ ಘಟನೆ ಆಧಾರಿತ’ ಎಂದು ಕೆಂಪಕ್ಷರ ಹೊಳೆಯುತ್ತದಲ್ಲ, ಅದಕ್ಕಿಂತ ಎರಡಾಣೆಯಷ್ಟಾದರೂ ಹೆಚ್ಚು ಸತ್ಯ. ನಂಬದವರು ಹಳಿಯಾಳಕ್ಕೆ ಬಂದು ಯಲ್ಲಪ್ಪನ ಚಹಾದಂಗಡಿಯಲ್ಲಿ ಕೇಳಬಹುದು. ಯಲ್ಲಪ್ಪ ಹೇಳಿದ್ದನ್ನು ನಂಬಬೇಕೋ ಬೇಡವೋ ಎಂಬುದು ಕೇಳಿದವರ ಹಣೆಬರಹ.

ಆ ಅಂಗಡಿಯೊಂದಿಗೆ ಗೋಡೆ ಹಂಚಿಕೊಂಡಿರುವುದು ಅಂದಾನೆಪ್ಪನ ಹಿಟ್ಟಿನ ಗಿರಣಿ. ಗಿರಣಿಯೊಳಗೆ ಶಿವನ ಪಟದ ಪಕ್ಕದ ಮೊಳೆಗೆ ಒಂದು ತಗಡಿನ ಭೋಂಗಾ ನೇತಾಡುತ್ತದೆ. ಕರೆಂಟಿಲ್ಲ, ಬ್ಯಾಟರಿಯಿಲ್ಲ, ಸಣ್ಣ ತುದಿಗೆ ಬಾಯಿ ಇಟ್ಟು ಕೂಗಿದರೆ ದೊಡ್ಡ ತುದಿಯಿಂದ ಊರಿಗೆ ಕೇಳುತ್ತದೆ, ಅಷ್ಟೇ ಅದರ ವಿಜ್ಞಾನ. ದಿನಾ ಬೆಳಿಗ್ಗೆ ಪಟಕ್ಕೆ ಊದುಬತ್ತಿ ಬೆಳಗುವ ಅಂದಾನೆಪ್ಪ, ಕೈ ತಪ್ಪಿದವನಂತೆ ಭೋಂಗಾಕ್ಕೂ ಒಂದು ಸುತ್ತು ಬೆಳಗುತ್ತಾನೆ. ಹೆಂಡತಿ ನೀಲಕ್ಕ ನೋಡಿದರೆ, “ಸೊಳ್ಳಿ ಆಗ್ಯಾವ” ಎನ್ನುತ್ತಾನೆ.

ಇಪ್ಪತ್ತೆರಡು ವರ್ಷ ಅವನು ‘ಕಾಳಿ ಪ್ರಸನ್ನ ಟೂರಿಂಗ್ ಟಾಕೀಸ್’ನ ಪ್ರಚಾರದ ಬಾಯಿಯಾಗಿದ್ದ. ಗುಲಾಬಿ ಬಣ್ಣದ ಹಸ್ತಪತ್ರಿಕೆಗಳ ಕಟ್ಟು ತೊಡೆಯ ಮೇಲೆ, ಭೋಂಗಾ ಕೈಯಲ್ಲಿ. ಜೀಪು ಹಳಿಯಾಳ ಬಿಟ್ಟರೆ ದಾಂಡೇಲಿ, ಅಲ್ಲಿಂದ ಜೋಯಿಡಾ, ಇತ್ತ ತಿರುಗಿದರೆ ಮುಂಡಗೋಡ. ಸಿನಿಮಾ ಒಂದೇ. ಆದರೆ ಊರಿಗೊಂದು ಅನೌನ್ಸು.

ದಾಂಡೇಲಿಯ ಪೇಪರ್ ಮಿಲ್ಲಿನ ಗೇಟಿನಲ್ಲಿ ಶಿಫ್ಟು ಬಿಡುವ ಹೊತ್ತಿಗೆ, “ಏಳು ಫೈಟು! ಎಣಿಸಿಕೊಳ್ಳಿ! ಒಂದು ಕಡಿಮೆ ಬಿದ್ದರೆ ನನ್ನ ಜತೆ ಆಡಿ!” ಹಳಿಯಾಳದ ಓಣಿಗಳಲ್ಲಿ ದನಿ ಜೇನಾಗುತ್ತಿತ್ತು: “ತಾಯಂದಿರೇ, ಅಕ್ಕಂದಿರೇ! ಎರಡು ಕರವಸ್ತ್ರ ತನ್ನಿರಿ. ಒಂದು ಇಂಟರ್‌ವಲ್ಲಿನ ತನಕ, ಇನ್ನೊಂದು ಮನೆ ಮುಟ್ಟುವ ತನಕ!” ಉಳವಿಗೆ ಹೊರಟ ಯಾತ್ರಿಕರ ಬಂಡಿಸಾಲು ಕಂಡರೆ ಅದೇ ಸಿನಿಮಾ “ಶಿವಲೀಲೆ ತುಂಬಿದ ಭಕ್ತಿಪೂರ್ಣ ಚಿತ್ರ” ಆಗುತ್ತಿತ್ತು, ಏಕೆಂದರೆ ನಾಲ್ಕನೆಯ ರೀಲಿನಲ್ಲಿ ನಾಯಕನ ಜೀಪು ಒಂದು ಗುಡಿಯ ಮುಂದೆ ಪಂಕ್ಚರಾಗುತ್ತದೆ.

“ನಾ ಒಮ್ಮೆರ ಸುಳ್ಳ ಹೇಳೇನೇನು?” ಎಂದು ಈಗಲೂ ಕೇಳುತ್ತಾನೆ. “ಖರೇ ಅನ್ನೂದಕ್ಕ ನಾಕ ಬಾಗಲಾ ಇರ್ತಾವ. ಯಾರ ಯಾವ ಬಾಗಲಿಂದ ಒಳಗ ಬರ್ತಾರೋ ಆ ಬಾಗಲಾ ತಗೀಬೇಕು.”

ಹೀಗೆ ಬಾಗಿಲು ತಪ್ಪಿ ಒಳಗೆ ಬಂದವನೊಬ್ಬನಿದ್ದ: ಪರಶುರಾಮ. ಮೂವತ್ತೈದು ವರ್ಷದ ಹಿಂದೆ, ಮಿಲ್ಲಿಗೆ ಹೊಸದಾಗಿ ಸೇರಿ, ಹೊಸದಾಗಿ ಲಗ್ನವೂ ಆಗಿ, ಹೆಂಡತಿ ರೂಪಿಬಾಯಿಯನ್ನು ಕರೆದುಕೊಂಡು ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಭೋಂಗಾ ಕೂಗಿತು: “ನವವಧೂವರರು ನೋಡಲೇಬೇಕಾದ ಚಿತ್ರ!” ಹೋಗಿ ಕುಳಿತರು. ಅದು ದೆವ್ವದ ಸಿನಿಮಾ. ಬಿಳಿ ಮುಖವೊಂದು ಪರದೆ ತುಂಬ ಕಣ್ಣು ತೆರೆದದ್ದೇ ತಡ, ರೂಪಿಬಾಯಿ ಚೀರಿ, ಒಂದು ಚಪ್ಪಲಿ ಟೆಂಟಿನಲ್ಲೇ ಬಿಟ್ಟು, ನೇರ ಲಂಬಾಣಿ ತಾಂಡಾದ ತವರುಮನೆ ಸೇರಿದಳು. ಎರಡು ತಿಂಗಳು ಬರಲಿಲ್ಲ. ಆಮೇಲೆ ಬಂದಳು, ಆದರೆ ಸಿನಿಮಾಕ್ಕೆ ಬರಲಿಲ್ಲ, ಎಂದೆಂದಿಗೂ. ಪರಶುರಾಮ ಜಗಳ ತೆಗೆಯಲೆಂದು ಜೀಪು ಹುಡುಕಿ ಬಂದ. “ನೋಡಬೇಕಂದೆ, ನೋಡಿದ್ರಿ. ಕೈ ಹಿಡಕೊಂಡಳೋ ಇಲ್ಲೋ?” ಎಂದು ಅಂದಾನೆಪ್ಪ ಕೇಳಿದ. “ಹಿಡಕೊಂಡ್ಳು” ಎಂದು ಪರಶುರಾಮ ಒಪ್ಪಿಕೊಳ್ಳಬೇಕಾಯಿತು. ಅಲ್ಲಿಂದ ಶುರುವಾದ ಗೆಳೆತನ.

ಪರಶುರಾಮ ಈಗ ಮಿಲ್ಲಿನಿಂದ ನಿವೃತ್ತನಾಗಿ ಆಟೋ ಓಡಿಸುತ್ತಾನೆ. ದೇವರು ಅವನಿಗೆ ಸ್ವಂತ ದನಿ ಕೊಡಲು ಮರೆತು, ಊರವರ ದನಿಗಳನ್ನೆಲ್ಲ ಕೊಟ್ಟಿದ್ದಾನೆ. ಬಸ್ ಕಂಡಕ್ಟರ್, ಮಿಲ್ಲಿನ ಸೈರನ್ನು, ಅಂದಾನೆಪ್ಪ, ಮೂವರನ್ನೂ ಒಂದೇ ಉಸಿರಿನಲ್ಲಿ ಮಾಡಿ ತೋರಿಸುತ್ತಾನೆ.

ಒಂದು ಮಧ್ಯಾಹ್ನ ಚಹಾದಂಗಡಿಯಲ್ಲಿ ಯಲ್ಲಪ್ಪ ಮೊಬೈಲಿನಲ್ಲಿ ಹೊಸ ಟ್ರೇಲರ್ ಹಾಕಿದ. ಕತ್ತಲೆ, ಢಮ್ ಎನ್ನುವ ಸದ್ದು, ಮತ್ತೆ ಕತ್ತಲೆ, ತಾಯಿಯ ಕಣ್ಣೀರು, ಗಾಳಿಯಲ್ಲಿ ಹಾರುವ ಆರು ಜೀಪು.

“ತಗಿ ಅದನ್ನ,” ಎಂದ ಅಂದಾನೆಪ್ಪ. “ಮೂರು ನಿಮಿಷದಾಗ ಇಡೀ ಪಿಚ್ಚರ್ ಬಡಿಸಿಬಿಡ್ತಾರ. ಟ್ರೇಲರ್ ಅಂದ್ರ ಗಡಿಗಿ ಮುಚ್ಚಳಾ ಒಂದ ಬಟ್ಟ ಎತ್ತಿದಂಗ ಇರಬೇಕೋ. ಘಮಾ ಹೊರಗ, ಪಲ್ಯಾ ಒಳಗ! ಢಮ್ ಅಂದಿದ್ದು ಹುಡುಗೂರಿಗೆ. ಕಣ್ಣೀರು ಹೆಂಗಸೂರಿಗೆ. ಜೀಪು ನಿನ್ನಂಥಾ ಕೆಲಸಿಲ್ಲದವರಿಗೆ.”

“ಅಂದ್ರ ನಿಂಗ ಟ್ರೇಲರ್ ತೋರಿಸಿ ಯಾರೂ ಮೋಸ ಮಾಡಾಕ ಆಗೂದಿಲ್ಲ?” ಎಂದು ಪರಶುರಾಮ ಬಸಿಯಿಂದ ಚಹಾ ಹೀರುತ್ತ ಕೇಳಿದ.

“ನಾಕ ತಾಲೂಕಿಗೆ ಟೋಪಿ ಹಾಕಿದ ತಲಿ ಇದು. ಇದಕ್ಕ ಟೋಪಿ ಹಾಕಾವ ಇನ್ನೂ ಹುಟ್ಟಿಲ್ಲ.”

“ಹುಟ್ಟಿದ್ರ?”

ಅಂದಾನೆಪ್ಪ ಎದ್ದು ನಿಂತ. ಅವನು ಎದ್ದು ನಿಂತು ಆಡಿದ ಮಾತುಗಳಲ್ಲಿ ಒಂದೂ ಇದುವರೆಗೆ ಅವನಿಗೆ ಒಳ್ಳೆಯದು ಮಾಡಿಲ್ಲ. “ಒಂದ ಟ್ರೇಲರ್‌ಗೆ ನಾ ಬಿದ್ದೆ ಅಂದ್ರ, ಈ ಭೋಂಗಾ ನಿನ್ನ ಕೈಯಾಗ ಇಡ್ತೇನಿ. ಸಾಯೂತನಕಾ ಸಿನಿಮಾದ ಸುದ್ದಿ ತಗಿಯಂಗಿಲ್ಲ. ಉಳವಿ ಚನ್ನಬಸವಣ್ಣನ ಆಣಿ!”

ಅಂದಾನೆಪ್ಪನಿಂದ ಸಿನಿಮಾದ ಮಾತು ತೆಗೆದರೆ ಉಳಿಯುವುದು ಹಿಟ್ಟೊಂದೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪರಶುರಾಮನ ಮಗಳು ರೀನಾ ದಾಂಡೇಲಿಯ ಒಂದು ಸ್ಟುಡಿಯೋದಲ್ಲಿ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಾಳೆ. ಅತ್ತೆ ಸೊಸೆ ಜಗಳವಾಡಿದ ಮದುವೆಯನ್ನೂ ಅಮರ ಪ್ರೇಮವನ್ನಾಗಿ ಮಾಡಬಲ್ಲವಳು. ಅಪ್ಪ ಸಂಗತಿ ಹೇಳಿದಾಗ ಅವಳು ಕೇಳಿದ್ದು ಒಂದೇ: “ಯಾರು ನೋಡಾವರು? ಟ್ರೇಲರ್ ಅಂದ್ರ ಪಾಕೀಟು ಇದ್ದಂಗ ಅಪ್ಪಾ. ಮ್ಯಾಲೆ ವಿಳಾಸ ಬೇಕು.”

“ಒಬ್ಬಾಂವ. ಅಂದಾನೆಪ್ಪ, ಹಿಟ್ಟಿನ ಗಿರಣಿ, ಹಳಿಯಾಳ.”

ಇಲ್ಲಿ ಗಿರಣಿಯ ಪದ್ಧತಿಯೊಂದನ್ನು ಹೇಳಬೇಕು. ಹಳಿಯಾಳದ ಹೆಂಗಸರು ಹಿಟ್ಟಿನ ಗಿರಣಿಯಲ್ಲಿ ಸರದಿ ನಿಲ್ಲುವುದಿಲ್ಲ. ಅವರ ಡಬ್ಬಿಗಳು ನಿಲ್ಲುತ್ತವೆ. ಜೋಳದ ಡಬ್ಬಿ ಸಾಲಿನಲ್ಲಿಟ್ಟು ಸಂತೆಗೆ ಹೋಗಿ, ಎರಡು ಮನೆಯ ಸುದ್ದಿ ಮುಗಿಸಿ ಬಂದರೂ ಡಬ್ಬಿ ಯಜಮಾನಿಯ ಗೌರವ ಕಾಯ್ದುಕೊಂಡು ಮುಂದೆ ಸರಿದಿರುತ್ತದೆ. ರೀನಾ ಒಂದು ಖಾಲಿ ಡಬ್ಬಿಗೆ ತೂತು ಕೊರೆದು, ಒಳಗೆ ಮೊಬೈಲು ನಿಲ್ಲಿಸಿ, ಸಾಲಿನ ಕೊನೆಗೆ ಇಟ್ಟು ಬಂದಳು. ಎಲ್ಲ ಡಬ್ಬಿಗಳೂ ಸರಿದುಹೋದವು. ಇದೊಂದು ಮಾತ್ರ ಮೂರು ದಿನ ಅಲ್ಲೇ ಕುಳಿತು ಅಂದಾನೆಪ್ಪನನ್ನು ನೋಡುತ್ತಿತ್ತು. ಸಂಜೆ ಬಂದು ಬ್ಯಾಟರಿ ಬದಲಿಸುವ ರೀನಾಳಿಗೆ ಅವನೇ, “ನಾಳಿಗೆ ಬೀಸಿ ಕೊಡ್ತೇನಿ ತಂಗಿ, ಗದ್ದಲ ಭಾಳ ಐತಿ” ಎಂದು ಸಮಾಧಾನ ಹೇಳಿದ.

ಮರುವಾರ ಟ್ರೇಲರ್ ಚಹಾದಂಗಡಿಗೆ ಬಂತು, ಯಲ್ಲಪ್ಪನ ಮೊಬೈಲಿನಲ್ಲಿ. ಅಷ್ಟೊತ್ತಿಗೆ ಅಂಗಡಿಯಲ್ಲಿ ಸಂಗತಿ ಗೊತ್ತಿಲ್ಲದವನೆಂದರೆ ಅಂದಾನೆಪ್ಪನೊಬ್ಬನೇ.

ಮೊದಲು ಕತ್ತಲೆ. ಮಂಜು ಮುಸುಕಿದ ದಾರಿ. ಮಂಜಿನಲ್ಲಿ ಎರಡು ಬರಿಗಾಲು, ಒಂದೊಂದೇ ಹೆಜ್ಜೆ. ಗರಗರ ತಿರುಗುವ ದೈತ್ಯ ಚಕ್ರ. ಚಟೀರ್ ಎಂದು ಚಾಟಿಯೇಟು. ಬೆನ್ನು ತಿರುಗಿಸಿ ನಿಂತ ಒಬ್ಬ ಧಡೂತಿ ಮನುಷ್ಯನ ಕುತ್ತಿಗೆ. ಹಸಿರು ಬಳೆಯ ಕೈಯೊಂದು ಏನನ್ನೋ ಎತ್ತಿ ಹಿಡಿದಿದೆ. ಪಾತಾಳದಿಂದ ಬಂದಂಥ ದನಿ: “ಕಾಳಿ ನದಿಯ ದಂಡೆಯಲ್ಲಿ... ನಲವತ್ತು ವರ್ಷದಿಂದ... ಒಂದು ಬಾಯಿ... ಮುಚ್ಚಿಲ್ಲ!” ಢಮ್. ‘ಇದೇ ರವಿವಾರ ನಾಲ್ಕು ಗಂಟೆಗೆ, ಸಮುದಾಯ ಭವನ, ಹಳಿಯಾಳ. ಉಚಿತ ಪ್ರವೇಶ.’

ಮಂಜು ಅಂದರೆ ಹಿಟ್ಟು. ಚಕ್ರ, ಚಾಟಿ ಅಂದರೆ ಗಿರಣಿಯ ಗಾಲಿ ಮತ್ತು ಬೆಲ್ಟು. ಪಾತಾಳದ ದನಿ ಪರಶುರಾಮನದು. ಆದರೆ ಮನುಷ್ಯ ತನ್ನ ಕುತ್ತಿಗೆಯನ್ನು ತಾನೇ ನೋಡಿಕೊಳ್ಳುವಂತಿಲ್ಲ. ಆ ಭಾಗ್ಯ ಕ್ಷೌರಿಕನಿಗೆ ಮಾತ್ರ.

“ಹಾಂ! ಇದು ಟ್ರೇಲರ್!” ಎಂದು ಅಂದಾನೆಪ್ಪ ಯಲ್ಲಪ್ಪನ ಕೈಯಿಂದ ಮೊಬೈಲು ಕಸಿದುಕೊಂಡ. “ನಿಂದರ್ರಿ, ಕತಿ ಹೇಳ್ತೇನಿ. ಇದು ಅನಮೋಡ ಘಟ್ಟ. ಮಂಜು ನೋಡ್ರಿ, ಆ ಕಡೆ ಬಿಟ್ರ ಎಲ್ಲೂ ಹಿಂಗ ಬೀಳಂಗಿಲ್ಲ. ಈ ಕಾಲು ಐತೆಲ್ಲಾ, ಇದು ವಿಲನ್ ಕಾಲು. ಒಳ್ಳೇ ಮನಶ್ಯಾನ ಕಾಲು ಇಷ್ಟ ಹೊಲಸು ಇರಂಗಿಲ್ಲ.”

“ಹೌದೇನು?” ಎಂದು ಪರಶುರಾಮ ಬಸಿಯನ್ನು ಬಾಯಿಗೆ ಅಡ್ಡ ಹಿಡಿದ.

“ಈ ಕುತ್ತಿಗಿ ನೋಡ್ರಿ. ಮಂದಿದ್ದು ತಿಂದು ತಿಂದು ಮೂರು ಮಡಿಕಿ ಬಿದ್ದಾವ. ಇಂಥಾವನ್ನ ಇಂಟರ್‌ವಲ್ಲಿಗೇ ಸಾಯಿಸ್ತಾರ.”

ಯಲ್ಲಪ್ಪ ಒಲೆ ಊದುವ ನೆವದಲ್ಲಿ ಅಂಗಡಿಯ ಹಿಂದಕ್ಕೆ ಹೋದ. ಅವನದು ಗ್ಯಾಸ್ ಒಲೆ.

ಮನೆಗೆ ಹೋಗಿ ಹೆಂಡತಿಗೂ ತೋರಿಸಿದ. ನೀಲಕ್ಕ ಕನ್ನಡಕ ಹಾಕಿಕೊಂಡು ಒಮ್ಮೆ ಮೊಬೈಲನ್ನು, ಒಮ್ಮೆ ಗಂಡನನ್ನು ನೋಡಿದಳು. “ಆ ಹಸರ ಬಳಿ ಎಲ್ಲೋ ನೋಡಿದಂಗ ಐತಲ್ರೀ?”

“ಎಲ್ಲಾ ಹೀರೋಯಿನ್ನೂ ಅಂಥಾವ ಹಾಕ್ಕೋತಾರ.”

“ಹಂಗಾರ ಛಲೋ ಐತಿ ಬಿಡ್ರಿ,” ಎಂದು ಹೀರೋಯಿನ್ ಒಳಗೆ ರೊಟ್ಟಿ ಬಡಿಯಲು ಹೋದಳು.

ಆಟ ಇಲ್ಲಿಗೆ ಮುಗಿಯಬೇಕಾಗಿತ್ತು. ರವಿವಾರ ಚಹಾದಂಗಡಿಯ ಹತ್ತು ಜನರ ಮುಂದೆ ತೋರಿಸಿ ನಗುವುದು, ಅಷ್ಟೇ ಪರಶುರಾಮನ ಲೆಕ್ಕ. ಆದರೆ ಮರುದಿನ ಬೆಳಗ್ಗೆ ಅವನ ಆಟೋದ ಮುಂದೆ ಅಂದಾನೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದ. ಕೈಯಲ್ಲಿ ಭೋಂಗಾ.

“ಇಂಥಾ ಪಿಚ್ಚರ್‌ಗೆ ಅನೌನ್ಸ್ ಮಾಡಾವರು ಇಲ್ಲಂದ್ರ ನಾಚಿಗೇಡು. ಪಾಪ, ಯಾವನೋ ಬಡವ ಮಾಡ್ಯಾನ. ಹೋಗೂಣು ನಡಿ.”

“ಅಲ್ಲೋ ಮಾರಾಯ, ಬ್ಯಾಡ—”

“ಪುಕಟ ಮಾಡ್ತೇನಿ. ಡೀಸೆಲ್ ನಂದು.”

ಪರಶುರಾಮನ ಬಾಯಿಗೆ ಸತ್ಯ ಬಂದಿತ್ತು. ಆದರೆ ಇಪ್ಪತ್ತು ವರ್ಷ ಮೊಳೆಯ ಮೇಲಿದ್ದ ಭೋಂಗಾ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದರ ಹಿಂದಿನ ಮುಖ ಅದಕ್ಕಿಂತ ಹೊಳೆಯುತ್ತಿತ್ತು. ಪರಶುರಾಮ ಸತ್ಯವನ್ನು ನುಂಗಿ ಗೇರ್ ಹಾಕಿದ.

ವಯಸ್ಸಾಯಿತು, ಮರೆವು ಎಂದು ಅಂದಾನೆಪ್ಪ ಚೀಟಿ ಬರೆದುಕೊಂಡಿದ್ದ. ಹೆಂಗಸರ ಕಣ್ಣೀರಿನ ಚೀಟಿ ಎಡಗಿಸೆಗೆ, ಗಂಡಸರ ಫೈಟಿನ ಚೀಟಿ ಬಲಗಿಸೆಗೆ. ಇಸ್ತ್ರಿ ಮಾಡುವಾಗ ನೀಲಕ್ಕ ತೆಗೆದಿಟ್ಟು ಮತ್ತೆ ತುಂಬಿದ್ದಳು. ಅವಳಿಗೆ ಎಡಬಲ ಎರಡೂ ಒಂದೇ. ಹಳಿಯಾಳದ ಭಜನಾ ಮಂಡಳಿಯ ಹೆಂಗಸರು ತಾಳ ಹಿಡಿದು ಹೊರಟಿದ್ದರು. ಅಂದಾನೆಪ್ಪ ಎಡಗಿಸೆಗೆ ಕೈ ಹಾಕಿ, ದನಿಗೆ ಜೇನು ಹಚ್ಚಿ, ಓದಿದ:

“ತಾಯಂದಿರೇ! ಏಳು ಫೈಟು! ರಕ್ತ ಕುದಿಯುವ, ಹಲ್ಲು ಉದುರುವ—”

ಅನೌನ್ಸು ಅರ್ಧಕ್ಕೆ ನಿಲ್ಲಿಸುವುದು ಅವನ ಜಾಯಮಾನದಲ್ಲಿಲ್ಲ. ಕೊನೆಯ ಹಲ್ಲು ಉದುರುವ ತನಕ ಓದಿದ. ಹೆಂಗಸರು ಮುಖ ಮುಖ ನೋಡಿಕೊಂಡರು. ಮಂಡಳಿಯ ಅಧ್ಯಕ್ಷೆ ಗಿರಿಜಾಬಾಯಿ ಆಟೋದ ಹತ್ತಿರ ಬಂದಳು.

“ಫೈಟು ಕೈಯಿಂದೋ, ಕುಡಗೋಲಿಂದೋ?”

“ಎ... ಎರಡೂ ಅದಾವ್ರಿ.”

“ಮುಂದಿನ ಸಾಲು ನಮಗ ಇಡ್ರಿ. ಜಲ್ಮ ಪೂರಾ ನಮಗ ಬರೇ ಅಳೂ ಪಿಚ್ಚರ್ ತೋರಿಸೀರಿ. ಅಳಾಕ ಮನ್ಯಾಗ ಏನ್ ಕಡಿಮಿ ಐತಿ?”

ಅಲ್ಲಿಂದ ಹತ್ತು ಹೆಜ್ಜೆಗೆ ಹವಾಲ್ದಾರ ದ್ಯಾಮಪ್ಪ ಕೈ ಅಡ್ಡ ಹಿಡಿದ. “ಧ್ವನಿವರ್ಧಕಕ್ಕ ಪರವಾನಗಿ ಐತೇನ್ರಿ?”

“ಇದು ಧ್ವನಿವರ್ಧಕ ಅಲ್ರಿ ಸಾಹೇಬ್ರ. ವೈರಿಲ್ಲ, ಪ್ಲಗ್ಗಿಲ್ಲ. ತಗಡು. ಇದಕ್ಕ ಪರವಾನಗಿ ಕೇಳಿದ್ರ ನಾಳೆ ಬಾಯಿಗೂ ಕೇಳಬೇಕಾಗತೈತಿ.”

ದ್ಯಾಮಪ್ಪ ಭೋಂಗಾದೊಳಗೆ ಲಾಠಿ ಹಾಕಿ ತಿರುವಿ ನೋಡಿದ. ಕಾನೂನು ಅದರೊಳಗೆ ಎಲ್ಲಿಯೂ ತಗಲಲಿಲ್ಲ. ಕೊನೆಗೆ ದನಿ ಇಳಿಸಿ, “ಪಿಚ್ಚರ್‌ನ್ಯಾಗ ಪೊಲೀಸ್ರು ಬರ್ತಾರೇನು? ಪ್ರತೀಸಲ ಎಲ್ಲಾ ಮುಗದ ಮ್ಯಾಲೆ ಬರ್ತೇವಿ” ಎಂದ.

“ಈ ಸಲ ಮೊದಲ ಬರ್ತಾರ್ರಿ!” ಎಂದು ಅಂದಾನೆಪ್ಪ ಸ್ಥಳದಲ್ಲೇ ದ್ಯಾಮಪ್ಪನಿಗೊಂದು ಬಾಗಿಲು ತೆರೆದ.

ದಾಂಡೇಲಿಯ ದಾರಿಯಲ್ಲಿ ಅವನು ಬುದ್ಧಿವಂತಿಕೆ ಮಾಡಿದ. ಫೈಟಿನ ಚೀಟಿ ಎಡಗಿಸೆಯಲ್ಲಿ ಸಿಕ್ಕಿತಲ್ಲ, ಅದನ್ನು ಸರಿಯಾದ ಬಲಗಿಸೆಗೆ ಸೇರಿಸಿದ. ಬಲಗಿಸೆಯಲ್ಲಿ ಆಗಲೇ ಕಣ್ಣೀರಿನ ಚೀಟಿ ಕುಳಿತಿದೆಯೆಂಬುದು ಹೊಳೆಯಲಿಲ್ಲ. ಮಿಲ್ಲಿನ ಸೈರನ್ನು ಕೂಗಿತು. ಗೇಟಿನಿಂದ ಮುನ್ನೂರು ಜನ ಗಂಡಸರು ಬುತ್ತಿ ಡಬ್ಬಿ ಹಿಡಿದು ಹೊರಬಂದರು. ಬಲಗಿಸೆಯಿಂದ ಮೊದಲು ಕೈಗೆ ಬಂದ ಚೀಟಿ ಬಿಚ್ಚಿ, ಎದೆ ಉಬ್ಬಿಸಿ, ಸಿಂಹದ ದನಿಯಲ್ಲಿ ಗರ್ಜಿಸಿದ:

“ಅಕ್ಕಂದಿರೇ! ಕರುಳು ಮಿಡಿಯುವ ಕತೆ! ಎರಡು ಕರವಸ್ತ್ರ ತನ್ನಿರಿ!”

ಮುನ್ನೂರು ಜನ ನಿಂತುಬಿಟ್ಟರು. “ಯಾರಲೇ ನಿಮ್ಮಕ್ಕ?” ಎಂದು ಹಿಂದಿನಿಂದ ಒಬ್ಬ ಕೂಗಿದ. ಆದರೆ ಬಾಯ್ಲರ್ ವಿಭಾಗದ ಪರಸಪ್ಪ (ಅವನ ಮೀಸೆಗೆ ಹೆದರಿ ಬಾಯ್ಲರು ತಾನಾಗಿ ಕಾಯುತ್ತದೆಂದು ಪ್ರತೀತಿ) ಮುಂದೆ ಬಂದು ಆಟೋದ ಕಂಬಿ ಹಿಡಿದ.

“ಖರೇನ ಅಳು ಬರತೈತೇನ್ರಿ? ನಮ್ಮವ್ವ ಹೋಗಿ ಆರು ತಿಂಗಳಾತು. ಎಲ್ಲಾರ ಮುಂದ ಅಳಾಕ ಆಗವಲ್ದು. ಅಲ್ಲಿ ಕತ್ತಲ ಇರತೈತೆಲ್ಲಾ?”

ಅಂದಾನೆಪ್ಪ ಭೋಂಗಾ ಕೆಳಗಿಳಿಸಿದ. “ಇರತೈತಿ. ಬರ್ರಿ,” ಎಂದಷ್ಟೇ ಹೇಳಿದ.

ಹಿಂದಿರುಗುವಾಗ ಪರಶುರಾಮನ ಮನೆಯ ಮುಂದೆ ಆಟೋ ನಿಂತಿತು. ರೂಪಿಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಅಂದಾನೆಪ್ಪ ಚೀಟಿಯಿಲ್ಲದೆ, ಭೋಂಗಾವಿಲ್ಲದೆ ಕೇಳಿದ: “ತಂಗಿ, ರವಿವಾರ ಬಾ. ಇದರಾಗ ದೆವ್ವ ಇಲ್ಲ. ನಾ ಹೇಳ್ತೇನಿ.”

“ನೀವು ಹೇಳ್ತೀರಂತನ ಅಂಜಿಕಿ,” ಎಂದಳು. ಆದರೂ ಮುಖ ನೋಡಿ, “ಬರ್ತೇನಿ ಹೋಗ್ರಿ” ಎಂದುಬಿಟ್ಟಳು. ಪರಶುರಾಮ ಆಟೋದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ; ಕನ್ನಡಿಯೊಳಗಿನವನಿಗೆ ಬೆವರು ಬರುತ್ತಿತ್ತು.

ರವಿವಾರ ನಾಲ್ಕು ಗಂಟೆಗೆ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಾಲಿನಲ್ಲಿ ಭಜನಾ ಮಂಡಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಫೈಟಿಗೆ ಸಜ್ಜಾಗಿ. ಹಿಂದೆ ಮಿಲ್ಲಿನ ಗಂಡಸರು, ತೊಡೆಯ ಮೇಲೆ ಎರಡೆರಡು ಕರವಸ್ತ್ರ ಮಡಚಿಟ್ಟುಕೊಂಡು. ದ್ಯಾಮಪ್ಪ ಸಮವಸ್ತ್ರದಲ್ಲೇ, ಸಂಸಾರ ಸಮೇತ. ಅಂದಾನೆಪ್ಪ ಬಾಗಿಲಲ್ಲಿ ನಿಂತು ಕೈಮುಗಿದು ಕೂರಿಸುತ್ತಿದ್ದ. “ಟೂರಿಂಗ್ ಟಾಕೀಸ್ ಮುಚ್ಚಿದಾಗ ಹದಿನೇಳು ಮಂದಿ ಇದ್ರು,” ಎಂದು ಪಕ್ಕದಲ್ಲಿದ್ದ ನೀಲಕ್ಕನಿಗೆ ಹೇಳಿದ. “ಇವತ್ತ ನೋಡು.” ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು.

ಕಿಟಕಿ ಮುಚ್ಚಿದರು. ರೀನಾ ಪ್ರೊಜೆಕ್ಟರು ಹಚ್ಚಿದಳು. ಮಂಜು, ಬರಿಗಾಲು, ಚಕ್ರ, ಕುತ್ತಿಗೆ. ಕುತ್ತಿಗೆ ನಿಧಾನಕ್ಕೆ ತಿರುಗಿತು. ಪರದೆಯ ತುಂಬ ಅಂದಾನೆಪ್ಪ ನಿಂತು ಮೂಗು ಒರೆಸಿಕೊಂಡ. ಮೇಲೆ ಹೆಸರು ಮೂಡಿತು: ‘ಹಿಟ್ಟಿನ ಗಿರಣಿಯಲ್ಲಿ ಒಂದು ದಿನ.’

ಮಿಲ್ಲಿನವರ ಕತ್ತು ಬಾಗಿಲ ಕಡೆ ತಿರುಗಿತು.

“ವಿಲನ್ ಕಾಲು!” ಎಂದು ಯಲ್ಲಪ್ಪ ಕೂಗಿದ. “ಮೂರು ಮಡಿಕಿ ಕುತ್ತಿಗಿ!” ಎಂದ ಇನ್ನೊಬ್ಬ. ಚಹಾದಂಗಡಿಯವರು ಬಿದ್ದು ಬಿದ್ದು ನಕ್ಕರು. ಉಳಿದವರು ನಗಲಿಲ್ಲ. ಗಿರಿಜಾಬಾಯಿ ಎದ್ದು ನಿಂತು, “ಫೈಟು ಎಲ್ಲೈತಿ?” ಎಂದಳು. ಅಂದಾನೆಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕರೆದು ಕೂರಿಸಿದ ಇಷ್ಟು ಜನರ ಮುಂದೆ, ಮಾತು, ಮಾನ, ಭೋಂಗಾ, ಮೂರೂ ಒಟ್ಟಿಗೆ ಹೊರಟಿದ್ದವು.

ಆಗ ಪರದೆಯ ಮೇಲೆ ಹಸಿರು ಬಳೆಯ ಕೈ ಬಂತು. ಕೈಯಲ್ಲಿ ಮೊರ. ಜೋಳದ ಹಿಟ್ಟನ್ನು ರಾಗಿ ಡಬ್ಬಿಗೆ ಸುರಿದ ಗಂಡನನ್ನು ನೀಲಕ್ಕ ಗಿರಣಿಯ ಸುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದಳು. “ಒಂದು!” ಎಂದು ಗಿರಿಜಾಬಾಯಿ ಕೂಗಿ ಕುಳಿತಳು. ಮೊರ ಬೆನ್ನಿಗೆ ಬಿತ್ತು. “ಎರಡು!” ಮೊದಲ ಸಾಲಿನಿಂದ ಸಿಳ್ಳೆ ಬಂತು. ಮೂರು ದಿನದ ಚಿತ್ರೀಕರಣದಲ್ಲಿ ಜಗಳಗಳು ಸರಿಯಾಗಿ ಏಳಾಗಿದ್ದವು. ಎಣಿಸಿದವಳು ಗಿರಿಜಾಬಾಯಿ, ತಪ್ಪಿರಲಾರದು. ನಡುವೆ ದ್ಯಾಮಪ್ಪ ಗೋಧಿ ಡಬ್ಬಿ ಹಿಡಿದು ಗಿರಣಿಗೆ ಬಂದ ದೃಶ್ಯವೂ ಬಂತು. “ಮೊದಲ ಬಂದೇನಿ! ಇಂಟರ್‌ವಲ್ಲಿಗಿಂತ ಮೊದಲ!” ಎಂದು ಹವಾಲ್ದಾರ ಹೆಂಡತಿಯ ಭುಜ ಅಲುಗಾಡಿಸಿದ.

ಆಮೇಲೆ ಗಿರಣಿ ಖಾಲಿಯಾಯಿತು. ಡಬ್ಬಿಗಳ ಸಾಲು ಮಾತ್ರ. ಬೆಲ್ಟಿನ ಆರ್ಭಟ. ಪರದೆಯ ಅಂದಾನೆಪ್ಪ ಅತ್ತಿತ್ತ ನೋಡಿ, ಮೊಳೆಯಿಂದ ಭೋಂಗಾ ಇಳಿಸಿ, ಬಾಯಿಗಿಟ್ಟು ಏನೋ ಕೂಗತೊಡಗಿದ. ಗಿರಣಿ ತಿರುಗುವಾಗ ಮಾತ್ರ, ಯಾರಿಗೂ ಕೇಳದಷ್ಟು ಸದ್ದಿನೊಳಗೆ, ಅವನು ದಿನಾ ಹಾಗೆ ಮಾಡುತ್ತಿದ್ದ; ನೀಲಕ್ಕನಿಗೂ ಗೊತ್ತಿರಲಿಲ್ಲ. ರೀನಾ ಬೆಲ್ಟಿನ ಸದ್ದನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿದ್ದಳು. ಅಡಿಯಿಂದ ಒಂದು ದನಿ ಮೇಲೆ ಬಂತು:

“ದಾಂಡೇಲಿಯ ಮಹಾಜನಗಳೇ... ಇಂದೇ ನೋಡಿರಿ, ನಾಳೆ ಎಂದರೆ ಟೆಂಟು ಇರುವುದಿಲ್ಲ, ನಾನೂ ಇರುವುದಿಲ್ಲ... ಮಕ್ಕಳಿಗೆ ಮುಂದೆ ಮರಳಿನ ಮೇಲೆ ಜಾಗ, ಹಿರಿಯರಿಗೆ ಹಿಂದೆ ಬೆಂಚು... ತಾಯಂದಿರೇ, ಕೂಸು ಅತ್ತರೆ ಚಿಂತೆಯಿಲ್ಲ, ಸಿನಿಮಾ ನಿಲ್ಲಿಸುತ್ತೇವೆ...”

ಭವನದಲ್ಲಿದ್ದ ಅರ್ಧ ಜನ ಆ ಮರಳಿನ ಮೇಲೆ ಕುಳಿತು ಬೆಳೆದವರು. ಪರಸಪ್ಪ ಮೊದಲ ಕರವಸ್ತ್ರ ಬಿಚ್ಚಿದ. ನೋಡನೋಡುತ್ತ ಮುನ್ನೂರು ಕರವಸ್ತ್ರಗಳು ಬಿಚ್ಚಿಕೊಂಡವು. ನೀಲಕ್ಕ ಗಂಡನ ಕಡೆ ನೋಡದೆ, “ಸೊಳ್ಳಿ ಆಗ್ಯಾವ ಅಂತಿದ್ರಿ” ಎಂದಳು.

ಅನೌನ್ಸು ಮುಗಿಸಿದ ಪರದೆಯ ಅಂದಾನೆಪ್ಪ ಮುಖದ ಮೇಲೆ ಮೆತ್ತಿದ ಹಿಟ್ಟಿನೊಂದಿಗೆ ಕ್ಯಾಮೆರಾದ ಡಬ್ಬಿಯ ಹತ್ತಿರ ಬಗ್ಗಿದ. ಮುಚ್ಚಿದ್ದ ಕಣ್ಣು ಫಕ್ಕನೆ ತೆರೆದ. ಪರದೆ ತುಂಬ ಒಂದು ಬಿಳಿ ಮುಖ, ಎರಡು ಕೆಂಪು ಕಣ್ಣು.

“ಯಾಡೀ!” ಎಂದು ತನ್ನ ಲಂಬಾಣಿ ಮಾತಿನಲ್ಲಿ ಅವ್ವನನ್ನು ಕರೆದು ರೂಪಿಬಾಯಿ ಚೀರಿದ ಚೀರಿಗೆ ಪ್ರೊಜೆಕ್ಟರು ನಡುಗಿತು. ಮೂವತ್ತೈದು ವರ್ಷದ ಹಿಂದಿನಂತೆಯೇ ಗಂಡನ ಕೈ ಹಿಡಿದಳು, ಬಿಟ್ಟಳು, ಒಂದು ಚಪ್ಪಲಿಯಲ್ಲಿ ಬಾಗಿಲಿಗೆ ಓಡಿಬಂದಳು. ಬಾಗಿಲಲ್ಲಿ ಅದೇ ಮುಖ ನಿಂತಿತ್ತು, ಹಿಟ್ಟಿಲ್ಲದೆ.

“ದೆವ್ವ ಇಲ್ಲ ಅಂದಿದ್ರಿ!”

“ನಾ ಅಂದಿದ್ದೆ. ಮಾಡಿದಾಂವ ನಿನ್ನ ಗಂಡ!” ಎಂದ ಅಂದಾನೆಪ್ಪ.

ರೂಪಿಬಾಯಿ ತಿರುಗಿದಳು. ಅವಳ ಕೈಯಲ್ಲಿ ಉಳಿದ ಚಪ್ಪಲಿ ಇತ್ತು. ಪರಶುರಾಮ ಕುರ್ಚಿಗಳ ಸಾಲು ದಾಟಿ ಓಡಿದ. “ಎಂಟು!” ಎಂದಳು ಗಿರಿಜಾಬಾಯಿ.

ಗದ್ದಲ ತುಸು ಇಳಿದಾಗ ಅಂದಾನೆಪ್ಪ ಭೋಂಗಾ ತಂದು, ಕುರ್ಚಿಯ ಹಿಂದೆ ಅಡಗಿದ್ದ ಗೆಳೆಯನ ಮುಂದೆ ಹಿಡಿದ. “ತಗೋ. ಆಣಿ ಆಣಿನ. ಇವತ್ತಿಂದ ನಾ ಸಿನಿಮಾದ ಮಾತು—”

“ಆ ತಗಡು ನಮ್ಮ ಮನಿ ಹೊಸ್ತಲಾ ದಾಟಿದ್ರ ನಾ ತವರಿಗೆ ಹೋಕ್ಕೇನಿ!” ಎಂದಳು ರೂಪಿಬಾಯಿ. “ಈ ಸಲ ಎರಡ ತಿಂಗಳಲ್ಲ!”

ಪರಶುರಾಮ ಕೈ ಹಿಂದೆ ಕಟ್ಟಿಕೊಂಡ. ನೀಲಕ್ಕನೂ ಕೈ ಚಾಚಲಿಲ್ಲ. ಯಾರಿಗೂ ಬೇಡವಾದ ಭೋಂಗಾವನ್ನು ಅಂದಾನೆಪ್ಪ ಅತ್ತಿತ್ತ ತಿರುಗಿಸಿ ನೋಡಿದ. ಸೋತದ್ದನ್ನಾದರೂ ನಾಲ್ಕು ಜನರಿಗೆ ಕೇಳುವಂತೆ ಹೇಳಬೇಕೆಂದು ಬಾಯಿಗಿಟ್ಟುಕೊಂಡ. “ಮಹಾಜನಗಳೇ” ಎಂದನೋ ಇಲ್ಲವೋ, ಹೊಟ್ಟೆಯೊಳಗಿಂದ ನಗು ಎದ್ದು ಬಂತು. ಸಣ್ಣ ತುದಿಯಲ್ಲಿ ಹೊಕ್ಕ ನಗು ದೊಡ್ಡ ತುದಿಯಿಂದ ಹೊರಬಿತ್ತು. ಮಿಲ್ಲಿನವರು ನಕ್ಕರು, ಭಜನಾ ಮಂಡಳಿ ನಕ್ಕಿತು, ಪರಸಪ್ಪ ಎರಡನೆಯ ಕರವಸ್ತ್ರದಲ್ಲಿ ಕಣ್ಣೊರೆಸುತ್ತ ನಕ್ಕ. ಆದರೆ ಭೋಂಗಾ ಇದ್ದದ್ದು ಒಬ್ಬನ ಬಾಯಿಗೆ. ಆ ನಗು ಕಿಟಕಿ ದಾಟಿ, ಸಂತೆ ದಾಟಿ, ಬಸ್‌ಸ್ಟ್ಯಾಂಡಿನ ತನಕ ಕೇಳಿಸಿತು. ಇಷ್ಟು ಜೋರು ನಗುವಿಗೆ ಪರವಾನಗಿ ಬೇಕೇ ಬೇಕೆಂದು ದ್ಯಾಮಪ್ಪ ಹೇಳುತ್ತಲೇ ಇದ್ದ. ಯಾರಿಗೂ ಕೇಳಿಸಲಿಲ್ಲ.